ಫಾರ್ಮ್ಯಾಟ್ ಆಮೇಲೆ, ಮೊದಲು ಎಫ್12 ಒತ್ತಿ

ಭಾನುವಾರ ಬೆಳಿಗ್ಗೆ ಬರುವ ಫೋನ್‌ಗಳಲ್ಲಿ ಇದೊಂದು ಖಾಯಂ. ‘ಸಾರ್, ವಿಂಡೋಸ್ ಹೋಯ್ತು. ಕಪ್ಪು ಪರದೆ, ಗ್ರಬ್ ಅಂತ ಬರ್ತಿದೆ. ಫಾರ್ಮ್ಯಾಟ್ ಮಾಡಿಸಿಬಿಡ್ಲಾ?’

ಮಾಡಿಸಬೇಡಿ. ವಿಂಡೋಸ್ ಎಲ್ಲೂ ಹೋಗಿಲ್ಲ.

ಏನಾಯಿತು ಅಂತ ನಾನು ಕೇಳುವುದೂ ಇಲ್ಲ. ಮಗನೋ ಮಗಳೋ ಕಾಲೇಜಿನ ಲ್ಯಾಬ್‌ಗೆ ಬೇಕು ಅಂತ ವಿಂಡೋಸ್ ಪಕ್ಕದಲ್ಲೇ ಉಬುಂಟು ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಹಾಕಿಕೊಂಡಿರುತ್ತಾರೆ. ಸೆಮಿಸ್ಟರ್ ಮುಗಿಯುತ್ತದೆ, ಸಿ ಡ್ರೈವ್ ಕೆಂಪಗಾಗುತ್ತದೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಉಬುಂಟು ಇದ್ದ ಪಾರ್ಟಿಷನ್, ಅಂದರೆ ಡಿಸ್ಕಿನ ಆ ಭಾಗ, ಡಿಲೀಟ್ ಮಾಡುತ್ತಾರೆ. ಐವತ್ತು ಜಿಬಿ ಉಳಿಯಿತು ಅಂತ ಖುಷಿ. ರೀಸ್ಟಾರ್ಟ್ ಮಾಡಿದರೆ ಈ ಪರದೆ.

ಆನ್ ಮಾಡಿದಾಗ ‘ಉಬುಂಟು ಬೇಕಾ, ವಿಂಡೋಸ್ ಬೇಕಾ’ ಅಂತ ಕೇಳುತ್ತಿತ್ತಲ್ಲ, ಆ ಮೆನು ಗ್ರಬ್‌ನದು. ಗ್ರಬ್‌ನ ಒಂದು ಚೂರು ಇರುವುದು ಇಎಫ್‌ಐ ಎಂಬ ಪುಟ್ಟ ಪಾರ್ಟಿಷನ್‌ನಲ್ಲಿ. ಮೆನು ಮತ್ತು ಉಳಿದ ಸರಂಜಾಮು ಇದ್ದದ್ದು ನೀವು ಅಳಿಸಿದ ಜಾಗದಲ್ಲಿ. ಈಗ ಚೂರು ಏಳುತ್ತದೆ, ಮೆನು ಹುಡುಕುತ್ತದೆ, ಸಿಗದೆ ನಿಮ್ಮ ಮುಖ ನೋಡುತ್ತಾ ಕೂರುತ್ತದೆ. ಅಷ್ಟೇ ಆಗಿರುವುದು. ವಿಂಡೋಸನ್ನು ಎಬ್ಬಿಸುವ ಫೈಲ್ ಅದೇ ಇಎಫ್‌ಐ ಪಾರ್ಟಿಷನ್‌ನಲ್ಲಿ, ಪಕ್ಕದ ಫೋಲ್ಡರ್‌ನಲ್ಲಿ, ಸುಮ್ನೆ ಮಲಗಿದೆ. ಅದನ್ನು ಯಾರೂ ಕರೆಯುತ್ತಿಲ್ಲ.

ಆನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ಏಳುವ ಪ್ರೋಗ್ರಾಂ ಹಳೇ ಯಂತ್ರಗಳಲ್ಲಿ ಬಯಾಸ್, ಹೊಸವುಗಳಲ್ಲಿ ಯುಇಎಫ್‌ಐ. ಹಳೇ ಬಯಾಸ್ ಯಂತ್ರಗಳಲ್ಲಿ ಇದು ಇನ್ನೂ ಚಿಕ್ಕ ವಿಷಯ. ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ, ಯಂತ್ರವನ್ನು ಎಬ್ಬಿಸುವ ಬೂಟ್ ಕೋಡ್‌ಗೆ ಮೀಸಲು 446. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಕೊಂಬು, ಗುಡಿಸಿಗೂ ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ 3 ಬೈಟ್ ಬೇಕು. ಅಂದರೆ ಅಲ್ಲಿ ಹಿಡಿಸುವುದು ಕನ್ನಡದ ಎರಡು ಸಾಲು. ಎರಡು ಸಾಲು ಕೆಟ್ಟಿತು ಅಂತ ಇಡೀ ಪುಸ್ತಕ ಒಲೆಗೆ ಹಾಕ್ತೀರಾ?

ಹಾಕುತ್ತಾರೆ. ಒಬ್ಬ ನಿವೃತ್ತ ಮೇಷ್ಟ್ರು ನನ್ನ ಹತ್ತಿರ ಬರುವ ಮೊದಲೇ ಒಂದು ಅಂಗಡಿಗೆ ಹೋಗಿದ್ದರು. ಅಲ್ಲಿ ಎಲ್ಲ ಪಾರ್ಟಿಷನ್ ಅಳಿಸಿ ಹೊಸ ವಿಂಡೋಸ್ ಹಾಕಿಕೊಟ್ಟಿದ್ದರು. ‘ಈಗ ಚೆನ್ನಾಗಿ ಓಡ್ತಿದೆ, ಫೋಟೋ ಮಾತ್ರ ಕಾಣ್ತಿಲ್ಲ’ ಅಂದರು ಪಾಪ. ಎಸ್‌ಎಸ್‌ಡಿ ಅದು. ಟ್ರಿಮ್ ಅಂತ ಒಂದು ವ್ಯವಸ್ಥೆ ಇದೆ, ಅಳಿಸಿದ ಜಾಗವನ್ನು ಬೇಗ ಖಾಲಿ ಮಾಡಿಬಿಡುತ್ತದೆ. ನನಗೆ ಏನೂ ಸಿಗಲಿಲ್ಲ. ಪುಣ್ಯಕ್ಕೆ ಮನೆಯಲ್ಲಿ ನೆಗೆಟಿವ್‌ಗಳಿದ್ದವು. ಮೇಷ್ಟ್ರು ಮತ್ತೆ ಒಂದೊಂದಾಗಿ ಸ್ಕ್ಯಾನ್ ಮಾಡುತ್ತಿದ್ದಾರೆ.

ಸರಿ, ಮಾಡಬೇಕಾದ್ದು ಇಷ್ಟು. ಗ್ರಬ್ ಪರದೆಯಲ್ಲಿ ‘ಎಕ್ಸಿಟ್’ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಎಷ್ಟೋ ಸಲ ಯಂತ್ರ, ಯಾವುದನ್ನು ಮೊದಲು ಎಬ್ಬಿಸಬೇಕು ಎಂಬ ಬೂಟ್ ಸರದಿಯಲ್ಲಿ ಮುಂದಿರುವ ವಿಂಡೋಸ್‌ಗೆ ತಾನೇ ಹೋಗುತ್ತದೆ. ಹೋಗಲಿಲ್ಲವೋ, ಆಫ್ ಮಾಡಿ, ಆನ್ ಮಾಡಿದ ತಕ್ಷಣ ಎಫ್12 ಬಡಿಯುತ್ತಿರಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಬರುವ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ. ಡೆಸ್ಕ್‌ಟಾಪ್ ಬಂದರೆ ಉಸಿರು ಬಿಡಿ. ಆಮೇಲೆ ಬಯಾಸ್ ಸೆಟ್ಟಿಂಗ್‌ಗೆ (ಯುಇಎಫ್‌ಐ ಯಂತ್ರದಲ್ಲೂ ಹಾಗೇ ಕರೆಯುತ್ತಾರೆ) ಹೋಗಿ ಬೂಟ್ ಸರದಿಯಲ್ಲಿ ಅದನ್ನೇ ಮೇಲಕ್ಕೆ ತಂದು ಸೇವ್ ಮಾಡಿ. ಉಬುಂಟು ಎಂಬ ಹೆಸರು ಪಟ್ಟಿಯಲ್ಲಿ ಉಳಿದರೆ ಉಳಿಯಲಿ, ಅದರಿಂದ ತೊಂದರೆ ಇಲ್ಲ.

ಉಬುಂಟು ಅಳಿಸದೆಯೂ ಅದರ ಮೆನು ಮಾಯವಾಗಿದೆಯಾ? ವಿಂಡೋಸ್ ದೊಡ್ಡ ಅಪ್‌ಡೇಟ್ ಆದಮೇಲೆ ಹೀಗಾಗುವುದುಂಟು. ಆಗಲೂ ಮೊದಲು ಸರದಿಯನ್ನೇ ನೋಡಿ. ಮೆನು ಬರುತ್ತದೆ, ಆದರೆ ಅದರಲ್ಲಿ ವಿಂಡೋಸ್ ಹೆಸರಿಲ್ಲ ಅಂದರೆ ಬೇರೆ ಕಥೆ. 2021ರ ಗ್ರಬ್ 2.06ರಿಂದ ಪಕ್ಕದ ಸಿಸ್ಟಂ ಹುಡುಕುವ ಓಎಸ್-ಪ್ರೋಬರ್ ಸಾಮಾನ್ಯವಾಗಿ ತಾನಾಗಿ ಓಡುವುದಿಲ್ಲ. ಗ್ರಬ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಅದನ್ನು ಆನ್ ಮಾಡಿ, ಅಪ್‌ಡೇಟ್-ಗ್ರಬ್ ಎಂಬ ಆದೇಶ ಕೊಟ್ಟರೆ ಆಯಿತು. ಉಬುಂಟು ಪೆನ್‌ಡ್ರೈವ್‌ನಿಂದಲೇ ರಿಪೇರಿ ಮಾಡಬೇಕಾಗಿ ಬಂದರೆ ಒಂದು ಎಚ್ಚರ: ಬೂಟ್ ಪಟ್ಟಿಯಲ್ಲಿ ಅದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು. ಯುಇಎಫ್‌ಐ ಯಂತ್ರವಾದರೆ ಯುಇಎಫ್‌ಐ ಎಂದು ಬರೆದಿರುವುದನ್ನೇ ಆರಿಸಿ. ಇನ್ನೊಂದನ್ನು ಆರಿಸಿದರೆ ಗ್ರಬ್ ತಪ್ಪು ಜಾಗದಲ್ಲಿ ಕೂರುತ್ತದೆ. ಆಮೇಲೆ ನನಗೇ ಫೋನ್ ಬರುತ್ತದೆ.

ಇನ್ನು, ಉಬುಂಟು ಪಾರ್ಟಿಷನ್ ಓದಲು ಬಾರದೆ ವಿಂಡೋಸ್ ಕೆಲವೊಮ್ಮೆ ‘ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು’ ಎನ್ನುತ್ತದೆ. ಕ್ಯಾನ್ಸಲ್ ಒತ್ತಿ. ಅದು ವಿಂಡೋಸ್‌ಗೆ ಗೊತ್ತಿಲ್ಲದ ಭಾಷೆ, ಖಾಲಿ ಡಿಸ್ಕ್ ಅಲ್ಲ.

ಇದೆಲ್ಲ ನಿಮ್ಮ ಯಂತ್ರ ನೋಡದೆ ಹೇಳಿದ ಮಾತು. ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ, ಬೂಟ್ ಪಟ್ಟಿಯಲ್ಲಿ ಡಿಸ್ಕಿನ ಹೆಸರೇ ಇಲ್ಲದಿದ್ದರೆ, ಇಲ್ಲಿ ಹೇಳಿದ ಯಾವುದನ್ನೂ ಮಾಡಬೇಡಿ. ತಿಳಿದವರಿಗೆ ಒಯ್ಯಿರಿ. ಡಿಸ್ಕಿಗೇ ಬೀಗ ಹಾಕುವ ಬಿಟ್‌ಲಾಕರ್ ಇರುವ ಲ್ಯಾಪ್‌ಟಾಪ್‌ನಲ್ಲಿ ಬೂಟ್ ಸರದಿಯನ್ನೋ ಸೆಕ್ಯೂರ್ ಬೂಟ್ ಎಂಬ ಸೆಟ್ಟಿಂಗನ್ನೋ ಮುಟ್ಟುವ ಮೊದಲು, ಆ ಬೀಗ ತೆರೆಯುವ 48 ಅಂಕಿಯ ರಿಕವರಿ ಕೀ ಕೈಯಲ್ಲಿರಲಿ. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ನೋಡಿ, ಅಲ್ಲಿರುವ ಸಾಧ್ಯತೆ ಜಾಸ್ತಿ. ಮೊನ್ನೆ ಒಬ್ಬ ಹುಡುಗ ‘ಕೀ ಜೋಪಾನವಾಗಿ ಇಟ್ಟಿದ್ದೀನಿ ಸಾರ್’ ಅಂದ. ಎಲ್ಲಿ ಅಂದೆ. ಅದೇ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್ ಮೇಲೆ.