ಸುಮ್ನೆ ಆಫ್‌ಸೆಟ್ ಮುಟ್ಟಬೇಡಿ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮಷಿನ್) ಓಡಿಸುವವರಲ್ಲಿ ಬೆಳಗಾವಿ, ವಿಜಯಪುರದ ಹುಡುಗರೂ ಇದ್ದಾರೆ. ಮಷಿನ್‌ಗೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ ನೋಡಿ ಅವರ ಸೂಪರ್‌ವೈಸರ್‌ಗಳು ನಗುತ್ತಾರೆ. ನಗಲಿ. ಆದರೆ ಒಂದು ಪೀಸ್ ಅಳತೆ ಆಚೀಚೆ ಆದ ಕೂಡಲೇ ಆಫ್‌ಸೆಟ್, ಅಂದರೆ ಟೂಲ್ ಎಲ್ಲಿ ಕತ್ತರಿಸಬೇಕೆಂದು ಮಷಿನ್‌ಗೆ ಕೊಡುವ ತಿದ್ದುಪಡಿಯ ಅಂಕಿ, ಬದಲಿಸು ಅನ್ನುವುದೂ ಮೂಢನಂಬಿಕೆಯೇ. ನಿಂಬೆಹಣ್ಣು ಪಾಪ, ಪೀಸ್ ಕೆಡಿಸುವುದಿಲ್ಲ. ಇದು ಕೆಡಿಸುತ್ತದೆ.

20 ಮಿ.ಮೀ. ಪಿನ್ ಮಾಡುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಮೈಕ್ರೋಮೀಟರ್ ಹಿಡಿದರೆ ಒಂದು 20.01, ಇನ್ನೊಂದು 19.99. ತಿರುಗುವ ಸ್ಪಿಂಡಲ್‌ನ ಬಿಸಿ, ಪಿನ್ ಕಡೆಯುವ ಬಾರ್‌ನ ಗಡಸು, ಅಳೆಯುವ ಕೈ, ಎಲ್ಲವೂ ಚೂರುಚೂರು ಸೇರಿರುತ್ತದೆ. 20.01 ಬಂತೆಂದು ಆಪರೇಟರ್ 0.01 ಇಳಿಸಿದ. ತನ್ನ ಪಾಡಿಗೆ 19.99 ಬರಬೇಕಿದ್ದ ಮುಂದಿನ ಪೀಸ್ 19.98 ಆಯಿತು. ಗಾಬರಿಯಲ್ಲಿ 0.02 ಏರಿಸಿದ. ಆಮೇಲಿನದು 20.01 ಇರಬೇಕಿತ್ತು, 20.02 ಆಯಿತು. ಪ್ರತಿ ಪೀಸೂ ತನ್ನ ತಪ್ಪಿನ ಜೊತೆ ಹಿಂದಿನದರ ಸಾಲವನ್ನೂ ತೀರಿಸುತ್ತಿದೆ, ಅಲ್ವಾ? ಹೀಗೆ ಪ್ರತಿ ಸಲವೂ ತಿದ್ದುತ್ತಾ ಹೋದರೆ ಅಳತೆಯ ಹರವು ಸುಮಾರು 1.4 ಪಟ್ಟು ಆಗುತ್ತದೆ. ಎರಡರ ವರ್ಗಮೂಲ, ಅಷ್ಟೇ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಇದನ್ನೇ ಆಲಿಕೆಯಿಂದ ಗುರಿಯ ಮೇಲೆ ಗೋಲಿ ಬೀಳಿಸಿ, ಪ್ರತಿ ಸಲ ಆಲಿಕೆ ಸರಿಸಿದರೆ ಗೋಲಿಗಳು ಇನ್ನೂ ಚದುರುವುದನ್ನು ತೋರಿಸುತ್ತಿದ್ದರು.

ಹಾಗಾದರೆ ಯಾವಾಗ ಕೈ ಹಾಕಬೇಕು? ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರ ಮೇ 16ರಂದು ತಮ್ಮ ಮೇಲಧಿಕಾರಿಗೆ ಕೊಟ್ಟ ಪುಟ್ಟ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರವಾಗಿ ಒಂದು ನಕ್ಷೆ ಇತ್ತು. ಅದೇ ಕಂಟ್ರೋಲ್ ಚಾರ್ಟ್: ಅಳತೆಗಳು ಚುಕ್ಕಿಗಳಾಗಿ, ಅವುಗಳ ಮೇಲೆ ಕೆಳಗೆ ಒಂದೊಂದು ಗೆರೆ. ಅವರು 1947-48ರಲ್ಲಿ ಭಾರತಕ್ಕೂ ಬಂದಿದ್ದರು. ಡೆಮಿಂಗ್ ಜಪಾನಿನಲ್ಲಿ ಇದೇ ಪಾಠ ಮಾಡಿದ್ದು ಅದಾದ ಮೇಲೆ, 1950ರಲ್ಲಿ. ನಾವು ಮಾತ್ರ ಜಪಾನಿನ ಕಥೆಯನ್ನೇ ಹೇಳಿಕೊಂಡು ತಿರುಗುತ್ತೇವೆ!

ಚಾರ್ಟ್‌ನ ಗೆರೆಗಳು ಡ್ರಾಯಿಂಗ್‌ನ ಟಾಲರೆನ್ಸ್ ಅಲ್ಲ. ಇಲ್ಲೇ ಜಾಸ್ತಿ ಜನ ಎಡವುವುದು. ಟಾಲರೆನ್ಸ್ ಅಂದರೆ ಅಳತೆ ಎಷ್ಟು ಆಚೀಚೆ ಆದರೂ ನಡೆಯುತ್ತದೆ ಎಂದು ಗಿರಾಕಿ ಹೇಳಿದ್ದು. ಈ ಗೆರೆಗಳನ್ನು ಮಷಿನ್‌ನ ಸ್ವಂತ ಏರಿಳಿತದಿಂದಲೇ ಲೆಕ್ಕ ಹಾಕಬೇಕು, ಸರಾಸರಿಯಿಂದ ಆಚೆಗೂ ಈಚೆಗೂ ಮೂರು ಸಿಗ್ಮಾ (ಸಿಗ್ಮಾ ಅಂದರೆ ಅಳತೆಗಳ ಹರವನ್ನು ಹೇಳುವ ಅಂಕಿ). ಏನೂ ಕೆಡದಿದ್ದರೆ 1000 ಚುಕ್ಕಿಗಳಲ್ಲಿ ಹೆಚ್ಚುಕಡಿಮೆ 3 ಮಾತ್ರ ಹೊರಗೆ ಬೀಳುತ್ತವೆ. ಒಳಗಿದ್ದರೆ ಸುಮ್ಮನಿರಿ. ಹೊರಗೆ ಬಿತ್ತೋ, ಮಷಿನ್ ನಿಲ್ಲಿಸಿ ಹುಡುಕಿ: ಬಾರ್‌ನ ಲಾಟ್ ಬದಲಾಯಿತಾ? ಇನ್ಸರ್ಟ್‌ನ, ಅಂದರೆ ಲೋಹ ಕತ್ತರಿಸುವ ಬಿಲ್ಲೆಯ, ತುದಿ ಹಾರಿತಾ?

ಗೆರೆಯೊಳಗೇ ಇದ್ದರೂ ಏಳೆಂಟು ಚುಕ್ಕಿ ಸಾಲಾಗಿ ಮೇಲಕ್ಕೆ ಹತ್ತಿದರೆ ಅದು ಆಕಸ್ಮಿಕ ಅಲ್ಲ. ಇನ್ಸರ್ಟ್ ಸವೆಯುತ್ತಿದೆ, ಅದಕ್ಕೇ ಪಿನ್ ದಪ್ಪವಾಗುತ್ತಿದೆ. ಸ್ವಲ್ಪ ಹೊತ್ತು ಆಫ್‌ಸೆಟ್ ಕೊಟ್ಟು ಓಡಿಸಬಹುದು. ಆಮೇಲೆ ಇನ್ಸರ್ಟ್ ತಿರುಗಿಸಿ ಹೊಸ ಮೂಲೆ ಹಾಕಲೇಬೇಕು.