ಐವತ್ತು ಜನರ ದನಿ: ‘ಸ್ಟೆಂಟೋರಿಯನ್’ ಪದ ಬಂದ ದಾರಿ

ಯಾರದ್ದಾದರೂ ದನಿ ಮೈಕ್ ಇಲ್ಲದೆಯೂ ಸಭೆಯ ಕೊನೆಯ ಸಾಲಿಗೆ ಮುಟ್ಟಿದರೆ ಇಂಗ್ಲಿಷ್‌ನಲ್ಲಿ ಅದನ್ನು ‘ಸ್ಟೆಂಟೋರಿಯನ್’ ಎನ್ನುತ್ತಾರೆ. ನಿಘಂಟು ‘ಬಹಳ ಜೋರಾದ’ ಎಂದು ಹೇಳಿ ಸುಮ್ಮನಾಗುತ್ತದೆ. ಆದರೆ ಈ ಗುಣವಾಚಕದ ಒಳಗೆ ಒಬ್ಬ ಮನುಷ್ಯನಿದ್ದಾನೆ. ಅವನ ಹೆಸರು ಸ್ಟೆಂಟರ್.

ಅವನು ಸಿಗುವುದು ಗ್ರೀಕ್ ಕವಿ ಹೋಮರನ, ಟ್ರಾಯ್ ನಗರದ ಮೇಲೆ ಗ್ರೀಕರು ಮಾಡಿದ ಯುದ್ಧದ ಕಾವ್ಯ ‘ಇಲಿಯಡ್’ನ 5ನೇ ಭಾಗದಲ್ಲಿ. ಗ್ರೀಕರ ಮಹಾವೀರ ಅಕಿಲೀಸ್ ಮುನಿಸಿಕೊಂಡು ಯುದ್ಧ ಬಿಟ್ಟು ಕೂತಿದ್ದಾನೆ. ಟ್ರಾಯ್‌ನವರು ಮುನ್ನುಗ್ಗುತ್ತಿದ್ದಾರೆ. ಆಗ ಹೇರಾ ದೇವಿ ಸ್ಟೆಂಟರ್‌ನ ರೂಪ ತಾಳಿ, ನಾಚಿಕೆಯಾಗಬೇಕು ನಿಮಗೆ ಎಂದು ಗ್ರೀಕ್ ಸೈನಿಕರನ್ನು ಬೈಯುತ್ತಾಳೆ. ಬೇರೆ ಐವತ್ತು ಜನ ಕೂಗಿದಷ್ಟು ಜೋರು ಅವನ ದನಿ ಎನ್ನುತ್ತಾನೆ ಕವಿ. ಅಷ್ಟೇ. ಇಡೀ ಕಾವ್ಯದಲ್ಲಿ ಅವನ ಹೆಸರು ಮತ್ತೆ ಬರುವುದಿಲ್ಲ. ಅಲ್ಲೂ ಕೂಗಿದ್ದು ಅವನಲ್ಲ, ಅವನ ರೂಪದಲ್ಲಿದ್ದ ದೇವಿ.

ಅದೇ ಭಾಗದಲ್ಲಿ ಇನ್ನೂ ದೊಡ್ಡ ಕೂಗೊಂದಿದೆ. ಗಾಯಗೊಂಡ ಯುದ್ಧದೇವತೆ ಏರೀಸ್ ಒಂಬತ್ತು ಹತ್ತು ಸಾವಿರ ಜನರಷ್ಟು ಜೋರಾಗಿ ಅರಚುತ್ತಾನೆ. ಆದರೂ ಗಟ್ಟಿ ದನಿಗೆ ಹೆಸರಾಗಿ ಉಳಿದವನು ಸ್ಟೆಂಟರ್. ದೇವರ ಅರಚಾಟವನ್ನು ಅಳೆಯೋದು ಹೇಗೆ? ಐವತ್ತು ಜನರ ಕೂಗನ್ನಾದರೆ ಊಹಿಸಬಹುದು, ಅಲ್ವಾ? ಲೆಕ್ಕ ಹಾಕಿದರೆ ಐವತ್ತು ಪಟ್ಟು ಶಕ್ತಿ ಎಂದರೆ, ಸದ್ದಿನ ಮಟ್ಟ ಅಳೆಯುವ ಡೆಸಿಬಲ್ ಮಾನದಲ್ಲಿ, ಸುಮಾರು 17 ಡೆಸಿಬಲ್ ಜಾಸ್ತಿ. ಕಿವಿಗೆ ಅದು ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು ಜೋರಾಗಿ ಕೇಳುತ್ತದೆ.

ಕ್ರಿಸ್ತಪೂರ್ವ 4ನೇ ಶತಮಾನದ ಹೊತ್ತಿಗೆ ಅವನ ಹೆಸರು ಮಾತಿನಲ್ಲಿ ಬೆರೆತಿತ್ತು. ಊರು ತೀರಾ ದೊಡ್ಡದಾದರೆ ಸ್ಟೆಂಟರ್‌ನ ದನಿ ಇಲ್ಲದವನು ಅಲ್ಲಿ ಡಂಗುರ ಸಾರುವುದು ಹೇಗೆ ಎಂದು ಅರಿಸ್ಟಾಟಲ್ ‘ಪಾಲಿಟಿಕ್ಸ್’ನಲ್ಲಿ ಕೇಳುತ್ತಾನೆ. ಸ್ಟೆಂಟರ್ ಹರ್ಮೀಸ್ ದೇವನ ಜೊತೆ ಕೂಗುವ ಪಂದ್ಯ ಕಟ್ಟಿ ಸೋತು ಸತ್ತ ಎಂಬ ಕಥೆಯೂ ಆಮೇಲೆ ಹುಟ್ಟಿತು. ಇಂಗ್ಲಿಷ್‌ಗೆ ‘ಸ್ಟೆಂಟೋರಿಯನ್’ ಬಂದದ್ದು 17ನೇ ಶತಮಾನದಲ್ಲಿ. ಕೊಳದ ನೀರಿನಲ್ಲಿ ಬದುಕುವ, ಕಹಳೆಯ ಆಕಾರದ ಒಂದು ಸೂಕ್ಷ್ಮಜೀವಿಗೂ ಸ್ಟೆಂಟರ್ ಎಂದೇ ಹೆಸರು.

ಈ ದಾರಿಯಲ್ಲಿ ಒಂದು ಚೆಂದದ ಮಾತು ಉದುರಿಹೋಗಿದೆ. ಹೋಮರ್ ಅವನನ್ನು ಬರೀ ಜೋರು ದನಿಯವನು ಎನ್ನುವುದಿಲ್ಲ, ‘ಖಾಲ್ಕಿಯೊಫೋನೊಸ್’ ಎನ್ನುತ್ತಾನೆ. ‘ಖಾಲ್ಕೊಸ್’ ಎಂದರೆ ಕಂಚು, ‘ಫೋನೆ’ ಎಂದರೆ ದನಿ. ಕಂಚಿನ ದನಿಯವನು! ಅದರಲ್ಲಿ ಗಟ್ಟಿತನದ ಜೊತೆ ಗಂಟೆಯ ನಾದವೂ ಇದೆ. ಒಳ್ಳೆಯ ರಂಗನಟರ ದನಿ ಕೇಳಿ ನಾವು ‘ಕಂಚಿನ ಕಂಠ’ ಅನ್ನುತ್ತೇವಲ್ಲ, ಅದೇ ಹೋಲಿಕೆ. ಅಲ್ಲಿಂದ ಇಲ್ಲಿಗೆ ಬಂದದ್ದಲ್ಲ, ಎರಡೂ ಕಡೆ ಕಂಚಿನ ಸದ್ದು ಕೇಳಿದ ಕಿವಿಗಳಿದ್ದವು. ‘ಸ್ಟೆಂಟೋರಿಯನ್’ ಅನ್ನು ಕನ್ನಡಕ್ಕೆ ತರಬೇಕಾದಾಗಲೆಲ್ಲ ನಾನು ‘ಕಂಚಿನ ಕಂಠದ’ ಅಂತಲೇ ಬರೆಯುತ್ತೇನೆ.