ಪ್ಲೇಟ್‌ಲೆಟ್: ಡೆಂಗ್ಯೂ ಕಾಲದಲ್ಲಿ ಒಂದು ಸಂಖ್ಯೆಯನ್ನು ಓದುವ ಬಗೆ

ಮಳೆಗಾಲ ಶುರುವಾಗಿ ಕೆಲವು ವಾರ ಕಳೆದರೆ ಕರ್ನಾಟಕದ ಊರುಗಳಲ್ಲಿ ಜ್ವರ ಬಂದವರನ್ನು ವಿಚಾರಿಸುವ ರೀತಿಯೇ ಬದಲಾಗುತ್ತದೆ. ‘ಜ್ವರ ಎಷ್ಟಿದೆ’ ಎಂದು ಕೇಳುತ್ತಿದ್ದವರು ‘ಪ್ಲೇಟ್‌ಲೆಟ್ ಎಷ್ಟಿದೆ’ ಎಂದು ಕೇಳತೊಡಗುತ್ತಾರೆ. ಬೆಳಿಗ್ಗೆ ಒಂದು ಲಕ್ಷವಿದ್ದ ಎಣಿಕೆ ಸಂಜೆಗೆ ಎಂಬತ್ತು ಸಾವಿರಕ್ಕೆ ಇಳಿದಿದೆಯೆಂದರೆ ಮನೆಮಂದಿ ಕಂಗಾಲಾಗುತ್ತಾರೆ. ಒಬ್ಬರು ಪರಂಗಿ ಎಲೆ ಹುಡುಕಿಕೊಂಡು ಹೊರಟರೆ, ಇನ್ನೊಬ್ಬರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ರಕ್ತದಾನಿಗಳಿಗಾಗಿ ಮನವಿ ಹಾಕುತ್ತಾರೆ. ಈ ಗಾಬರಿಗೆ ಕಾರಣವಿಲ್ಲವೆಂದಲ್ಲ. ಆದರೆ ಡೆಂಗ್ಯೂವಿನಲ್ಲಿ ಜೀವಕ್ಕೆ ಅಪಾಯ ತರುವ ಪ್ರಕ್ರಿಯೆ ಬಹುಪಾಲು ಬೇರೆಯದೇ ಆಗಿದ್ದು, ಅದರ ಗುರುತು ಅದೇ ರಕ್ತಪರೀಕ್ಷೆಯ ವರದಿಯಲ್ಲಿ ಬೇರೊಂದು ಸಾಲಿನಲ್ಲಿ ಯಾರೂ ಓದದೆ ಉಳಿದುಬಿಡುತ್ತದೆ.

ಪ್ಲೇಟ್‌ಲೆಟ್ ಎಂಬುದು ರಕ್ತದಲ್ಲಿ ತೇಲುವ, ಎರಡು ಮೂರು ಮೈಕ್ರೋಮೀಟರ್ ಅಗಲದ, ಬಿಲ್ಲೆಯಂತಹ ಕಣ. ಕನ್ನಡದ ವೈದ್ಯಕೀಯ ಬರಹಗಳಲ್ಲಿ ಇದನ್ನು ಕಿರುಬಿಲ್ಲೆ ಎಂದೂ ಕರೆದಿರುವುದುಂಟು. ಇದಕ್ಕೆ ಕೋಶಕೇಂದ್ರವಿಲ್ಲ, ಮೂಳೆಯ ಮಜ್ಜೆಯಲ್ಲಿರುವ ಮೆಗಾಕ್ಯಾರಿಯೋಸೈಟ್ ಎಂಬ ದೈತ್ಯಕೋಶದ ಅಂಚಿನಿಂದ ಹರಿದು ಬಂದ ಚೂರುಗಳೇ ಪ್ಲೇಟ್‌ಲೆಟ್‌ಗಳು. ರಕ್ತನಾಳಕ್ಕೆ ಗಾಯವಾದಾಗ ಇವು ಅಲ್ಲಿ ಗುಂಪುಗೂಡಿ ತೂತು ಮುಚ್ಚುತ್ತವೆ ಎಂಬುದನ್ನು 1882ರಲ್ಲಿ ಇಟಲಿಯ ಜೂಲಿಯೊ ಬಿಟ್ಸೊಝೆರೊ ವಿವರಿಸಿದರು. ಇವು ಮಜ್ಜೆಯ ದೈತ್ಯಕೋಶಗಳಿಂದ ಹುಟ್ಟುತ್ತವೆ ಎಂಬುದನ್ನು 1906ರಲ್ಲಿ ಅಮೆರಿಕದ ಜೇಮ್ಸ್ ಹೋಮರ್ ರೈಟ್ ತೋರಿಸಿಕೊಟ್ಟರು. ಒಂದು ಪ್ಲೇಟ್‌ಲೆಟ್‌ನ ಆಯುಸ್ಸು ಏಳರಿಂದ ಹತ್ತು ದಿನ. ಆದ್ದರಿಂದ ಆರೋಗ್ಯವಂತ ದೇಹವು ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ಹೊಸ ಕಣಗಳನ್ನು ತಯಾರಿಸುತ್ತಲೇ ಇರಬೇಕಾಗುತ್ತದೆ, ಮತ್ತು ಒಟ್ಟು ಪ್ಲೇಟ್‌ಲೆಟ್‌ಗಳಲ್ಲಿ ಮೂರನೆಯ ಒಂದು ಭಾಗ ಯಾವಾಗಲೂ ಗುಲ್ಮ (ಸ್ಪ್ಲೀನ್) ಎಂಬ ಅಂಗದಲ್ಲಿ ಕೂಡಿರುತ್ತದೆ.

ಇಲ್ಲೊಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಅಗತ್ಯ. ನಮ್ಮ ಆಡುಮಾತಿನಲ್ಲಿ, ಕೆಲವೊಮ್ಮೆ ಪತ್ರಿಕೆಗಳಲ್ಲಿ ಕೂಡ, ಪ್ಲೇಟ್‌ಲೆಟ್ ಕಡಿಮೆಯಾದದ್ದನ್ನು ‘ಬಿಳಿ ರಕ್ತಕಣ ಕಡಿಮೆಯಾಗಿದೆ’ ಎಂದು ಹೇಳುವ ರೂಢಿಯಿದೆ. ಬಿಳಿ ರಕ್ತಕಣಗಳು ಸೋಂಕಿನ ವಿರುದ್ಧ ಹೋರಾಡುವ ಪೂರ್ಣ ಪ್ರಮಾಣದ ಕೋಶಗಳು. ಅವುಗಳ ಸಾಮಾನ್ಯ ಎಣಿಕೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ನಾಲ್ಕರಿಂದ ಹನ್ನೊಂದು ಸಾವಿರ. ಪ್ಲೇಟ್‌ಲೆಟ್‌ಗಳ ಸಾಮಾನ್ಯ ಎಣಿಕೆ ಅದೇ ಅಳತೆಯ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಡೆಂಗ್ಯೂವಿನಲ್ಲಿ ಇವೆರಡೂ ಇಳಿಯುತ್ತವೆ, ಮತ್ತು ಸಾಮಾನ್ಯವಾಗಿ ಬಿಳಿ ರಕ್ತಕಣಗಳೇ ಮೊದಲು ಇಳಿಯುತ್ತವೆ ಎಂಬುದರಿಂದ ಗೊಂದಲ ಮತ್ತಷ್ಟು ಗಟ್ಟಿಯಾಗಿದೆ. ‘ಬಿಳಿ ಕಣ ನಾಲ್ಕು ಸಾವಿರ’ ಎಂಬ ಮಾತು ಫೋನಿನಲ್ಲಿ ‘ಪ್ಲೇಟ್‌ಲೆಟ್ ನಾಲ್ಕು ಸಾವಿರ’ ಎಂದು ತಲುಪಿದರೆ ಆಗುವ ಅನಾಹುತವನ್ನು ಊಹಿಸುವುದು ಕಷ್ಟವಲ್ಲ.

ಎಣಿಕೆಯೂ ನಾವು ಭಾವಿಸುವಷ್ಟು ಕಲ್ಲಿನ ಮೇಲೆ ಕೊರೆದ ಸಂಖ್ಯೆಯಲ್ಲ. ಇಂದಿನ ಪ್ರಯೋಗಾಲಯಗಳಲ್ಲಿ ಯಂತ್ರವು ಕಣಗಳ ಗಾತ್ರವನ್ನು ನೋಡಿ ಎಣಿಸುತ್ತದೆ. ರಕ್ತ ಹೆಪ್ಪುಗಟ್ಟದಿರಲೆಂದು ಸೀಸೆಯಲ್ಲಿ ಹಾಕಿರುವ ಇಡಿಟಿಎ ಎಂಬ ರಾಸಾಯನಿಕದಿಂದಾಗಿಯೇ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆ ಗುಂಪುಗಳನ್ನು ಯಂತ್ರ ಪ್ಲೇಟ್‌ಲೆಟ್ ಎಂದು ಗುರುತಿಸದ ಕಾರಣ, ದೇಹದಲ್ಲಿ ಏನೂ ಕೊರತೆಯಿಲ್ಲದಿದ್ದರೂ ವರದಿಯಲ್ಲಿ ಕೊರತೆ ಕಾಣುತ್ತದೆ. ರಕ್ತ ತೆಗೆಯುವಾಗ ತಡವಾಗಿ ಸೀಸೆಯಲ್ಲೇ ಸಣ್ಣ ಹೆಪ್ಪುಗಳಾದರೂ ಹೀಗೆಯೇ ಆಗುತ್ತದೆ. ಎರಡು ಬೇರೆ ಬೇರೆ ಪ್ರಯೋಗಾಲಯಗಳ ಯಂತ್ರಗಳು ಒಂದೇ ರಕ್ತಕ್ಕೆ ಕೆಲವು ಸಾವಿರಗಳ ವ್ಯತ್ಯಾಸ ತೋರಿಸುವುದು ಸಹಜವಾದ್ದರಿಂದ, ಐವತ್ತೆರಡು ಸಾವಿರ ನಲವತ್ತೊಂಬತ್ತು ಸಾವಿರವಾಯಿತೆಂದು ರಾತ್ರೋರಾತ್ರಿ ಆಸ್ಪತ್ರೆ ಬದಲಾಯಿಸುವುದರಲ್ಲಿ ಅರ್ಥವಿಲ್ಲ. ಸಂಶಯ ಬಂದಾಗ ರೋಗವಿಜ್ಞಾನಿಗಳು ಗಾಜಿನ ಪಟ್ಟಿಯ ಮೇಲೆ ರಕ್ತದ ಲೇಪ ಮಾಡಿ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡುತ್ತಾರೆ; ಆ ಹಳೆಯ ವಿಧಾನಕ್ಕೆ ಇಂದಿಗೂ ಬದಲಿಯಿಲ್ಲ.

ಡೆಂಗ್ಯೂ ವೈರಸ್ಸಿನಲ್ಲಿ ನಾಲ್ಕು ಬಗೆಗಳಿದ್ದು, ಈಡಿಸ್ ಜಾತಿಯ ಹೆಣ್ಣು ಸೊಳ್ಳೆ ಅದನ್ನು ಹಗಲಿನ ಹೊತ್ತು ಕಚ್ಚಿ ಹರಡುತ್ತದೆ. ವೈರಸ್ಸು ದೇಹವನ್ನು ಹೊಕ್ಕ ಮೇಲೆ ಪ್ಲೇಟ್‌ಲೆಟ್‌ಗಳು ಇಳಿಯುವುದಕ್ಕೆ ಹಲವು ಕಾರಣಗಳು ಒಟ್ಟಿಗೇ ಕೆಲಸ ಮಾಡುತ್ತವೆ. ಮಜ್ಜೆಯಲ್ಲಿ ಉತ್ಪಾದನೆ ಕೆಲಕಾಲ ಕುಂಠಿತವಾಗುತ್ತದೆ. ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳಿಗೆ ಪ್ರತಿಕಾಯಗಳು ಅಂಟಿಕೊಂಡು ಅವು ಬೇಗನೆ ನಾಶವಾಗುತ್ತವೆ. ಇನ್ನು ಕೆಲವು ರಕ್ತನಾಳದ ಒಳಪದರಕ್ಕೂ ಬಿಳಿ ರಕ್ತಕಣಗಳಿಗೂ ಅಂಟಿ ಸುತ್ತಾಟದಿಂದ ಮರೆಯಾಗುತ್ತವೆ. ಇದು ಕೆಲವೇ ದಿನಗಳ ಘಟನೆ. ವೈರಸ್ಸು ರಕ್ತದಿಂದ ಕರಗಿದ ಮೇಲೆ ಮಜ್ಜೆ ಮತ್ತೆ ಚುರುಕಾಗಿ, ಯಾವ ಔಷಧವೂ ಇಲ್ಲದೆ, ಬಹುತೇಕ ರೋಗಿಗಳಲ್ಲಿ ಎಣಿಕೆ ತಾನಾಗಿಯೇ ಏರತೊಡಗುತ್ತದೆ.

ನಿಜವಾದ ಅಪಾಯವಿರುವುದು ರಕ್ತನಾಳಗಳ ಸೋರಿಕೆಯಲ್ಲಿ. ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆಯಿಂದಲೂ, ವೈರಸ್ಸು ಬಿಡುಗಡೆ ಮಾಡುವ ಎನ್‌ಎಸ್‌1 ಎಂಬ ಪ್ರೋಟೀನಿನಿಂದಲೂ ಸಣ್ಣ ರಕ್ತನಾಳಗಳ ಒಳಪದರ ಸಡಿಲಗೊಂಡು, ರಕ್ತದ ನೀರಿನಂಶವಾದ ಪ್ಲಾಸ್ಮಾ ಹೊಟ್ಟೆಯ ಕುಹರಕ್ಕೂ ಶ್ವಾಸಕೋಶದ ಸುತ್ತಲಿನ ಪದರಕ್ಕೂ ಜಿನುಗುತ್ತದೆ. ಕೆಂಪು ಕಣಗಳು ಸೋರುವುದಿಲ್ಲ, ನೀರಷ್ಟೇ ಹೋಗುತ್ತದೆ. ಹಾಗಾಗಿ ಒಲೆಯ ಮೇಲಿಟ್ಟ ಸಾರು ನೀರಿಂಗಿ ಮಂದವಾಗುವಂತೆ ಉಳಿದ ರಕ್ತ ಗಟ್ಟಿಯಾಗುತ್ತದೆ. ವರದಿಯಲ್ಲಿ ಪಿಸಿವಿ ಅಥವಾ ಹಿಮಾಟೊಕ್ರಿಟ್ ಎಂದು ಬರೆದಿರುವ ಸಾಲು ಅಳೆಯುವುದು ಇದನ್ನೇ. ಜ್ವರದ ಆರಂಭದಲ್ಲಿ ನಲವತ್ತಿದ್ದ ಪಿಸಿವಿ ನಲವತ್ತೆಂಟಕ್ಕೆ ಏರಿತೆಂದರೆ ಶೇಕಡ 20ರಷ್ಟು ಹೆಚ್ಚಿದಂತಾಯಿತು, ಮತ್ತು ಅದು ಗಣನೀಯ ಸೋರಿಕೆಯ ಲಕ್ಷಣ. ಸೋರಿಕೆ ಮುಂದುವರಿದರೆ ರಕ್ತದೊತ್ತಡ ಕುಸಿದು, ಅಂಗಾಂಗಗಳಿಗೆ ರಕ್ತ ತಲುಪದೆ ರೋಗಿ ಆಘಾತದ ಸ್ಥಿತಿಗೆ ಜಾರುತ್ತಾನೆ. ಡೆಂಗ್ಯೂವಿನಲ್ಲಿ ಕಾಣುವ ಭಾರೀ ರಕ್ತಸ್ರಾವ ಕೂಡ ಬಹುತೇಕ ಸಂದರ್ಭಗಳಲ್ಲಿ ಹೀಗೆ ದೀರ್ಘಕಾಲ ಆಘಾತದಲ್ಲಿದ್ದವರಲ್ಲೇ ಆಗುತ್ತದೆಯೇ ಹೊರತು, ಪ್ಲೇಟ್‌ಲೆಟ್ ಕಡಿಮೆಯಾಯಿತೆಂಬ ಒಂದೇ ಕಾರಣಕ್ಕೆ ಆಗುವುದು ಅಪರೂಪ. ಇಪ್ಪತ್ತು ಸಾವಿರ ಪ್ಲೇಟ್‌ಲೆಟ್ ಇಟ್ಟುಕೊಂಡು ಹಾಸಿಗೆಯಲ್ಲಿ ಕುಳಿತು ಗಂಜಿ ಕುಡಿಯುತ್ತಿರುವ ರೋಗಿಯೂ, ಎಂಬತ್ತು ಸಾವಿರವಿದ್ದು ಕೈಕಾಲು ತಣ್ಣಗಾಗಿ ಮಂಕಾಗಿರುವ ರೋಗಿಯೂ ಒಂದೇ ವಾರ್ಡಿನಲ್ಲಿದ್ದರೆ, ಅನುಭವಿ ವೈದ್ಯರು ಮೊದಲು ಓಡುವುದು ಎರಡನೆಯವರ ಬಳಿಗೆ.

ಈ ಸೋರಿಕೆಯ ಸಮಯವೇ ಜನರನ್ನು ದಾರಿ ತಪ್ಪಿಸುವಂಥದ್ದು. ಎರಡರಿಂದ ಏಳು ದಿನ ಸುಡುವ ಜ್ವರ, ಕಣ್ಣಗುಡ್ಡೆಗಳ ಹಿಂದೆ ನೋವು, ಮೈಕೈ ಮುರಿತ ಇವೆಲ್ಲ ಇದ್ದು, ಬಳಿಕ ಜ್ವರ ಇಳಿಯುತ್ತದೆ. ಮನೆಯವರು ನಿಟ್ಟುಸಿರು ಬಿಡುವ, ಕೆಲವರು ಕೆಲಸಕ್ಕೂ ಹೊರಡುವ ಆ ಹೊತ್ತಿಗೆ ಸರಿಯಾಗಿ 24ರಿಂದ 48 ಗಂಟೆಗಳ ನಿರ್ಣಾಯಕ ಅವಧಿ ಆರಂಭವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪರಿಷ್ಕರಿಸಿದ ವರ್ಗೀಕರಣದಲ್ಲಿ ಎಚ್ಚರಿಕೆಯ ಲಕ್ಷಣಗಳೆಂದು ಹೆಸರಿಸಿರುವುದು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ ಒಸರುವುದು, ವಿಪರೀತ ಸುಸ್ತು ಇಲ್ಲವೇ ಚಡಪಡಿಕೆ, ಯಕೃತ್ತು ದಪ್ಪಗಾಗುವುದು, ಹೊಟ್ಟೆ ಅಥವಾ ಎದೆಯಲ್ಲಿ ನೀರು ತುಂಬುವುದು ಇವುಗಳನ್ನು. ಪ್ರಯೋಗಾಲಯದಿಂದ ಆ ಪಟ್ಟಿಗೆ ಸೇರಿರುವುದು ಒಂದೇ ಒಂದು ಅಂಶ: ಹಿಮಾಟೊಕ್ರಿಟ್ ಏರುತ್ತಿರುವಾಗಲೇ ಪ್ಲೇಟ್‌ಲೆಟ್ ವೇಗವಾಗಿ ಇಳಿಯುವುದು. ಎರಡನ್ನೂ ಜೋಡಿಯಾಗಿ ಓದಬೇಕೆಂಬುದು ಆ ಸಾಲಿನಲ್ಲೇ ಇದೆ. ಮೂತ್ರ ಆರು ಗಂಟೆಗೂ ಮೀರಿ ಬರದಿರುವುದು ಮನೆಯಲ್ಲಿ ಯಾರೂ ಗಮನಿಸಬಹುದಾದ, ಆದರೆ ಸಾಮಾನ್ಯವಾಗಿ ಯಾರೂ ಕೇಳದ ಸೂಚನೆ.

ಹಾಗಾದರೆ ಪ್ಲೇಟ್‌ಲೆಟ್ ಕೊಡಿಸುವುದು ಯಾವಾಗ? ರಕ್ತಸ್ರಾವವಿಲ್ಲದ ರೋಗಿಗೆ ಎಣಿಕೆ ಹತ್ತು ಸಾವಿರಕ್ಕಿಂತ ಕೆಳಗಿಳಿದರೆ ಮಾತ್ರ ಮುನ್ನೆಚ್ಚರಿಕೆಯಾಗಿ ಕೊಡುವುದನ್ನು ಪರಿಗಣಿಸಬಹುದೆಂದು ಭಾರತದ ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ರಕ್ತಸ್ರಾವವಿದ್ದರೆ ಲೆಕ್ಕವೇ ಬೇರೆ. ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ, ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಕಡಿಮೆ ಎಣಿಕೆಯಿದ್ದ ವಯಸ್ಕ ಡೆಂಗ್ಯೂ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮುನ್ನೆಚ್ಚರಿಕೆಯ ಪ್ಲೇಟ್‌ಲೆಟ್ ಕೊಟ್ಟು ಇನ್ನೊಂದಕ್ಕೆ ಕೊಡದೆ ನಡೆಸಿದ ಅಧ್ಯಯನವು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೊಟ್ಟದ್ದರಿಂದ ರಕ್ತಸ್ರಾವ ತಪ್ಪಲಿಲ್ಲ. ಅಲರ್ಜಿಯಂತಹ ಅಡ್ಡಪರಿಣಾಮಗಳು ಮಾತ್ರ ಕೊಟ್ಟ ಗುಂಪಿನಲ್ಲಿ ಹೆಚ್ಚಾಗಿದ್ದವು. ಒಬ್ಬ ದಾನಿಯ ಸಾಮಾನ್ಯ ರಕ್ತದಾನದಿಂದ ಬೇರ್ಪಡಿಸಿದ ಒಂದು ಚೀಲ ಎಣಿಕೆಯನ್ನು ಐದರಿಂದ ಹತ್ತು ಸಾವಿರದಷ್ಟೂ, ಯಂತ್ರದ ಮೂಲಕ ಒಬ್ಬರೇ ದಾನಿಯಿಂದ ಸಂಗ್ರಹಿಸಿದ ಎಸ್‌ಡಿಪಿ ಚೀಲ ಮೂವತ್ತರಿಂದ ಅರವತ್ತು ಸಾವಿರದಷ್ಟೂ ಏರಿಸುತ್ತದೆಂದು ಲೆಕ್ಕ. ಆದರೆ ರೋಗ ಉತ್ತುಂಗದಲ್ಲಿರುವಾಗ, ಸ್ವಂತ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುತ್ತಿರುವ ದೇಹ ದಾನಿಯ ಪ್ಲೇಟ್‌ಲೆಟ್‌ಗಳನ್ನೂ ಕೆಲವೇ ಗಂಟೆಗಳಲ್ಲಿ ಮುಗಿಸಿಬಿಡುತ್ತದೆ. 20ರಿಂದ 24 ಡಿಗ್ರಿ ಉಷ್ಣಾಂಶದಲ್ಲಿ, ಸತತವಾಗಿ ಅಲುಗಾಡಿಸುತ್ತ, ಸಾಮಾನ್ಯವಾಗಿ ಐದು ದಿನ ಮಾತ್ರ ಕಾಪಿಡಬಹುದಾದ ಈ ಚೀಲಗಳು ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವ ಮಕ್ಕಳಿಗೂ ಬೇಕು ಎಂಬುದನ್ನು ಡೆಂಗ್ಯೂ ಹಾವಳಿಯ ತಿಂಗಳುಗಳಲ್ಲಿ ನಾವು ಮರೆಯುತ್ತೇವೆ. ‘ಏನಾದರೂ ಮಾಡಿ’ ಎಂದು ಸಂಬಂಧಿಕರು ಪಟ್ಟು ಹಿಡಿದಾಗ, ಏನೂ ಕೊಡದೆ ಕಾದು ನೋಡುತ್ತೇನೆ ಎನ್ನುವ ವೈದ್ಯರಿಗೆ ಹೆಚ್ಚಿನ ಧೈರ್ಯ ಬೇಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಪರಂಗಿ ಎಲೆಯ ರಸದ ಬಗ್ಗೆ ನಡೆದಿರುವ ಕೆಲವು ಸಣ್ಣ ಅಧ್ಯಯನಗಳಲ್ಲಿ ಪ್ಲೇಟ್‌ಲೆಟ್ ಎಣಿಕೆ ತುಸು ಬೇಗ ಏರಿದ್ದು ಕಂಡುಬಂದಿದೆಯಾದರೂ, ಅದರಿಂದ ಸೋರಿಕೆ ನಿಂತಿತು, ಸಾವು ತಪ್ಪಿತು ಎನ್ನಲು ಆಧಾರವಿಲ್ಲ. ಹೇಗೂ ತಾನಾಗಿ ಏರುವ ಸಂಖ್ಯೆ ಏರಿದಾಗ ಹಿಂದಿನ ದಿನ ಕುಡಿದದ್ದಕ್ಕೆ ಕೀರ್ತಿ ಸಲ್ಲುವುದು ಲೋಕಾರೂಢಿ. ವಿಪರೀತ ಕಹಿಯಾದ ಆ ರಸ ಕುಡಿದು ರೋಗಿ ವಾಂತಿ ಮಾಡಿಕೊಂಡರೆ ಮಾತ್ರ ಅದು ನೇರ ಹಾನಿ, ಏಕೆಂದರೆ ಈ ರೋಗದಲ್ಲಿ ದ್ರವವೇ ಚಿಕಿತ್ಸೆ. ಓಆರ್‌ಎಸ್, ಗಂಜಿ, ಮಜ್ಜಿಗೆ, ಎಳನೀರು ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ಆಗಾಗ್ಗೆ ಕುಡಿಸುತ್ತಿರುವುದು, ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದ ಪ್ಯಾರಸಿಟಮಾಲ್ ಮಾತ್ರ ಕೊಡುವುದು ಮುಖ್ಯ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ಪ್ಲೇಟ್‌ಲೆಟ್‌ಗಳ ಕೆಲಸಕ್ಕೇ ಅಡ್ಡಿಪಡಿಸಿ ಹೊಟ್ಟೆಯಲ್ಲಿ ರಕ್ತಸ್ರಾವ ಉಂಟುಮಾಡಬಲ್ಲವಾದ್ದರಿಂದ, ಮೈಕೈ ನೋವೆಂದು ಅಂಗಡಿಯಿಂದ ತಂದು ನುಂಗುವುದು ಅಪಾಯಕರ. ಇದೇ ಕಾರಣಕ್ಕೆ ಸ್ನಾಯುವಿಗೆ ಚುಚ್ಚುವ ಇಂಜೆಕ್ಷನ್ನುಗಳೂ ಸಲ್ಲವು.

ಪ್ಲೇಟ್‌ಲೆಟ್ ಕಡಿಮೆಯಿದೆ ಎಂದಾಕ್ಷಣ ಡೆಂಗ್ಯೂ ಎಂದು ತೀರ್ಮಾನಿಸುವುದೂ ಸರಿಯಲ್ಲ. ಮಲೇರಿಯಾ, ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದೊಂದಿಗೇ ಬರುವ ಇಲಿಜ್ವರ, ಸ್ಕ್ರಬ್ ಟೈಫಸ್, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ, ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆ, ಇವೆಲ್ಲವುಗಳಲ್ಲೂ ಎಣಿಕೆ ಇಳಿಯುತ್ತದೆ. ಇವುಗಳಲ್ಲಿ ಮೊದಲ ಮೂರಕ್ಕೆ ನಿರ್ದಿಷ್ಟ ಔಷಧಗಳಿವೆ. ಡೆಂಗ್ಯೂ ಎಂದು ಭಾವಿಸಿ ಸುಮ್ಮನೆ ಕಾದರೆ ಅಮೂಲ್ಯ ದಿನಗಳು ಕಳೆದುಹೋಗುತ್ತವೆ. ಡೆಂಗ್ಯೂವನ್ನು ಖಚಿತಪಡಿಸಲು ಜ್ವರದ ಮೊದಲ ಐದು ದಿನಗಳಲ್ಲಿ ಎನ್‌ಎಸ್‌1 ಪರೀಕ್ಷೆಯೂ, ಆ ಬಳಿಕ ಐಜಿಎಂ ಪ್ರತಿಕಾಯದ ಪರೀಕ್ಷೆಯೂ ಉಪಯುಕ್ತ. ಪ್ರಕರಣಗಳು ತೀವ್ರವಾಗಿ ಏರಿದ 2024ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಪ್ರಯೋಗಾಲಯಗಳಲ್ಲಿ ಈ ಎರಡು ಪರೀಕ್ಷೆಗಳಿಗೆ ತಲಾ 300 ರೂಪಾಯಿಗಳ ಮಿತಿ ನಿಗದಿಪಡಿಸಿತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು.

ನಿರ್ಣಾಯಕ ಅವಧಿ ದಾಟಿದ ಮೇಲೆ ಸೋರಿದ ಪ್ಲಾಸ್ಮಾ ತಾನಾಗಿಯೇ ರಕ್ತನಾಳಗಳಿಗೆ ಮರಳುತ್ತದೆ. ಆಗಲೂ ಡ್ರಿಪ್ ಮುಂದುವರಿಸಿದರೆ ಶ್ವಾಸಕೋಶಕ್ಕೆ ನೀರು ತುಂಬಿಕೊಳ್ಳಬಹುದಾದ್ದರಿಂದ, ಸರಿಯಾದ ಹೊತ್ತಿಗೆ ಡ್ರಿಪ್ ನಿಲ್ಲಿಸುವುದೂ ಚಿಕಿತ್ಸೆಯ ಭಾಗವೇ. ಹಸಿವು ಮರಳುತ್ತದೆ, ಕೆಲವರಿಗೆ ಕೈಕಾಲುಗಳಲ್ಲಿ ತುರಿಕೆಯ ಕೆಂಪು ಗಂಧೆಗಳೇಳುತ್ತವೆ, ಪ್ಲೇಟ್‌ಲೆಟ್ ಎಣಿಕೆ ದಿನದಿನಕ್ಕೆ ಏರುತ್ತದೆ. ಅದು ಐವತ್ತು ಸಾವಿರ ದಾಟಿ, ಜ್ವರದ ಮಾತ್ರೆಯಿಲ್ಲದೆ ಒಂದು ಪೂರ್ಣ ದಿನವಾದರೂ ಜ್ವರ ಬಾರದಿದ್ದು, ಊಟ ಮತ್ತು ಮೂತ್ರ ಸರಿಯಾಗಿದ್ದರೆ ಸಾಮಾನ್ಯವಾಗಿ ಮನೆಗೆ ಕಳುಹಿಸುತ್ತಾರೆ. ಒಂದೂವರೆ ಲಕ್ಷ ಮುಟ್ಟುವವರೆಗೆ ಹಾಸಿಗೆ ಹಿಡಿದಿರಬೇಕಾಗಿಲ್ಲ. ಜ್ವರ ಬಿಟ್ಟು ಕೆಲವು ವಾರಗಳಾದರೂ ಎಣಿಕೆ ಏರದೆ ಉಳಿದರೆ ಮಾತ್ರ ಡೆಂಗ್ಯೂವನ್ನು ದೂರುವುದನ್ನು ಬಿಟ್ಟು, ರೋಗನಿರೋಧಕ ವ್ಯವಸ್ಥೆಯೇ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ಐಟಿಪಿ, ಯಕೃತ್ತಿನ ಕಾಯಿಲೆಯಿಂದ ಊದಿದ ಗುಲ್ಮ, ಅಥವಾ ಮಜ್ಜೆಯ ತೊಂದರೆ ಇರಬಹುದೇ ಎಂದು ರಕ್ತರೋಗ ತಜ್ಞರಲ್ಲಿ ಪರೀಕ್ಷಿಸಿಕೊಳ್ಳಬೇಕು.